ರಿಪಬ್ಲಿಕನ್ ಪ್ರೈಮರಿ: ಇಸ್ರೇಲ್ ಬೆಂಬಲ ಒಂದನ್ನೇ ನೋಡಿ ವೋಟು ಹಾಕಬಹುದಾ?

ತುಂಗಾತೀರ (ಗ್ರೀನ್‌ವಿಲ್, ಸೌತ್ ಕ್ಯಾರೊಲಿನಾ), 10 ನವೆಂಬರ್ 2023

ಎಲ್ಲರಿಗೂ ನಮಸ್ಕಾರ. 2024ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಅಭ್ಯರ್ಥಿ ಆಗಲು ಹೊರಟವರ ಮಯಾಮಿ ಡಿಬೇಟ್ ಬುಧವಾರ ರಾತ್ರಿ ನೋಡಿದಿರಾ? ವೇದಿಕೆ ಮೇಲೆ ಐದು ಜನ. ಫ್ಲೋರಿಡಾ ಗವರ್ನರ್ ಡಿಸ್ಯಾಂಟಿಸ್, ನಮ್ಮ ರಾಜ್ಯದ ಮಾಜಿ ಗವರ್ನರ್ ನಿಕ್ಕಿ ಹೇಲಿ, ವಿವೇಕ್ ರಾಮಸ್ವಾಮಿ, ಟಿಮ್ ಸ್ಕಾಟ್, ಕ್ರಿಸ್ ಕ್ರಿಸ್ಟಿ. ಟ್ರಂಪ್ ಬರಲಿಲ್ಲ. ಪಕ್ಷದ ಯಹೂದಿ ಬೆಂಬಲಿಗರ ಸಂಘ ರಿಪಬ್ಲಿಕನ್ ಜ್ಯೂಯಿಶ್ ಕೊಯಲಿಷನ್ ಕೂಡ ಈ ಡಿಬೇಟ್ ನಡೆಸಿದವರಲ್ಲಿ ಒಂದು. ಹಾಗಾಗಿ ಶುರುವಿನಲ್ಲೇ ಇಸ್ರೇಲ್ ಪ್ರಶ್ನೆ ಬಂತು. ಇಸ್ರೇಲ್ ಪ್ರಧಾನಿ ನೆತನ್ಯಾಹುಗೆ ನೀವೇನು ಹೇಳ್ತೀರಿ ಅಂತ. ಹಮಾಸ್ ಕಥೆ ಮುಗಿಸಿಬಿಡಿ ಅಂದರು ಡಿಸ್ಯಾಂಟಿಸ್. ಮುಗಿಸಿಬಿಡಿ ಅಂದರು ಹೇಲಿ. ಸ್ಕಾಟ್ ಕೂಡ ಅದನ್ನೇ ಅಂದರು.

ನಮ್ಮ ರಾಜ್ಯದಲ್ಲಿ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿ ಇಲ್ಲ. ವೋಟರ್ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಫೆಬ್ರವರಿ 24ರ ರಿಪಬ್ಲಿಕನ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಯಾರು ಬೇಕಾದರೂ ಹಾಕಬಹುದು. ನಾನು ಹಾಕುವವನಿದ್ದೇನೆ. ಅದಕ್ಕೇ ಈ ಚರ್ಚೆ.

ಅಕ್ಟೋಬರ್ 7ಕ್ಕೆ ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ಮೇಲೆ ಆಫೀಸಿನಲ್ಲಿ, ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ, ವಾಟ್ಸಾಪ್ ಗ್ರೂಪಿನಲ್ಲಿ ನಾನು ಕೇಳುತ್ತಿರುವುದು ಒಂದೇ ಮಾತು. "ಇಸ್ರೇಲ್ ಪರ ಗಟ್ಟಿಯಾಗಿ ನಿಲ್ಲೋರು ಯಾರು ಅಂತ ನೋಡಿ, ಅವರಿಗೇ ಹಾಕೋಣ. ಉಳಿದಿದ್ದು ಆಮೇಲೆ." ಒಂದೇ ದಿನ ಸುಮಾರು 1,200 ಜನರನ್ನು ಕೊಂದು, ಇನ್ನೂರಕ್ಕೂ ಜಾಸ್ತಿ ಜನರನ್ನು ಎಳೆದುಕೊಂಡು ಹೋದರು. ಆ ಸಿಟ್ಟು ನನಗೂ ಇದೆ. ಆದರೆ ಎಲ್ಲರೂ ಒಂದೇ ಮಾತು ಆಡುತ್ತಿರುವಾಗ ಆ ಮಾತನ್ನೇ ಹಿಡಿದು ಆರಿಸುವುದು ಹೇಗೆ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಈ ಪಕ್ಷದಲ್ಲಿ ಇಸ್ರೇಲ್ ಪರ ಮಾತಾಡಿದರೆ ಯಾರಿಗೂ ಏನೂ ನಷ್ಟ ಆಗಲ್ಲ. ನಷ್ಟ ಇಲ್ಲದ ಕಡೆ ತೋರಿಸುವ ನಿಷ್ಠೆಯಿಂದ ಮನುಷ್ಯ ಎಂಥವನು ಅಂತ ಗೊತ್ತಾಗಲ್ಲ. ತಮಗೇ ನಷ್ಟ ಆಗುವಾಗ ಏನು ಮಾಡಿದರು ಅನ್ನೋದನ್ನು ನೋಡಬೇಕು. ಇಸ್ರೇಲ್ ವಿಷಯದಲ್ಲೂ, ಬೇರೆ ವಿಷಯದಲ್ಲೂ.

ನಿಮ್ಮ ನಿಮ್ಮ ಲೆಕ್ಕ ಹೇಳಿ. ಕೇಳೋಕೆ ತಯಾರಿದ್ದೇನೆ.

ಹ್ಯೂಸ್ಟನ್_ಮಲೆನಾಡಿಗ, 10 ನವೆಂಬರ್

ಸರ್, ಡಿಬೇಟ್ ಮಾತು ಬಿಡಿ. ಕೆಲಸ ನೋಡಿ. ರಾಯಭಾರ ಕಚೇರಿಯನ್ನು ಜೆರುಸಲೇಮಿಗೆ ಒಯ್ಯಬೇಕು ಅಂತ ಅಮೆರಿಕದ ಸಂಸತ್ತು ಕಾನೂನು ಮಾಡಿದ್ದು 1995ರಲ್ಲಿ. ಕ್ಲಿಂಟನ್, ಬುಷ್, ಒಬಾಮ ಮೂವರೂ ಆರಾರು ತಿಂಗಳಿಗೊಮ್ಮೆ ಒಂದು ಕಾಗದಕ್ಕೆ ಸಹಿ ಹಾಕಿ ಮುಂದೂಡಿದರು. ಇವರಲ್ಲಿ ಇಬ್ಬರು ಚುನಾವಣೆಗೆ ಮುಂಚೆ ಜೆರುಸಲೇಮ್ ಬಗ್ಗೆ ದೊಡ್ಡ ಮಾತಾಡಿದವರೇ. ಟ್ರಂಪ್ 2017ರ ಡಿಸೆಂಬರ್ 6ಕ್ಕೆ ಜೆರುಸಲೇಮ್ ಇಸ್ರೇಲಿನ ರಾಜಧಾನಿ ಅಂತ ಘೋಷಿಸಿದರು, 2018ರ ಮೇ 14ಕ್ಕೆ ಕಚೇರಿ ತೆರೆದೇಬಿಟ್ಟರು. 2019ರಲ್ಲಿ ಗೋಲಾನ್ ಬೆಟ್ಟಪ್ರದೇಶ ಇಸ್ರೇಲಿನದೇ ಅಂತ ಒಪ್ಪಿದರು. ಇರಾನ್ ಅಣು ಒಪ್ಪಂದದಿಂದ ಹೊರಗೆ ಬಂದರು. 2020ರಲ್ಲಿ ಅರಬ್ ದೇಶಗಳು ಇಸ್ರೇಲ್ ಜೊತೆ ಸಂಬಂಧ ಬೆಳೆಸುವ ಅಬ್ರಹಾಂ ಒಪ್ಪಂದ, ಮೊದಲು ಯುಎಇ, ಬಹ್ರೇನ್, ಹಿಂದೆಯೇ ಮೊರಾಕ್ಕೊ ಮತ್ತು ಸುಡಾನ್.

ಉಳಿದವರು "ಮಾಡ್ತೀನಿ" ಅಂತಿದ್ದಾರೆ, ಇವರು ಮಾಡಿ ತೋರಿಸಿದ್ದಾರೆ. ಬಾಯಿ ಕೆಟ್ಟದ್ದು, ಒಪ್ಪಿದೆ. ಕೇಸುಗಳು ನಾಲ್ಕಿವೆ, ಆರೋಪಗಳು 91. ಅವೆಲ್ಲ ರಾಜಕೀಯ ಅಂತ ನನ್ನ ನಂಬಿಕೆ. ನೀವು ಒಪ್ಪದೇ ಇರಬಹುದು.

ಇನ್ನೊಂದು ವಿಷಯ. ಇಲ್ಲಿ ನಮ್ಮ ಪಕ್ಕದ ಮನೆಯವರು ಬ್ಯಾಪ್ಟಿಸ್ಟ್ ಚರ್ಚಿನವರು. ಅಂಗಳದಲ್ಲಿ ಇಸ್ರೇಲ್ ಬಾವುಟ ನೆಟ್ಟಿದ್ದಾರೆ. ಯಾಕೆ ಅಂತ ಕೇಳಿದೆ. ಬೈಬಲ್ ತಂದು ಆದಿಕಾಂಡ 12ನೇ ಅಧ್ಯಾಯದ 3ನೇ ವಚನ ತೋರಿಸಿದರು. ಅಬ್ರಹಾಮನನ್ನು ಹರಸಿದವರನ್ನು ದೇವರು ಹರಸುತ್ತಾನೆ ಅಂತ ಅಲ್ಲಿದೆ. ಆ ಪುಟದ ಅಂಚಿನಲ್ಲಿ ಅವರ ತಾಯಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು, ಬಣ್ಣ ಮಾಸಿದೆ. ಅವರ ಮಟ್ಟಿಗೆ ಇದು ಮನೆತನದ ನಂಬಿಕೆ, ವಿದೇಶಾಂಗ ನೀತಿಯ ಲೆಕ್ಕ ಅಲ್ಲ. ಅಭ್ಯರ್ಥಿಗಳು ಮಾತಾಡುತ್ತಿರುವುದು ಹೆಚ್ಚಾಗಿ ಇಂಥವರ ಜೊತೆ. ಯಹೂದಿಗಳು ಈ ದೇಶದಲ್ಲಿ ನೂರಕ್ಕೆ ಎರಡೂವರೆಯಷ್ಟೂ ಇಲ್ಲ. ಅವರಲ್ಲಿ ಸುಮಾರು ಹತ್ತರಲ್ಲಿ ಏಳು ಜನ ಡೆಮಾಕ್ರಟ್ ಕಡೆಗೇ ಇದ್ದಾರೆ.

ತುಂಗಾತೀರ, 11 ನವೆಂಬರ್

ಪಕ್ಕದ ಮನೆಯವರ ಮಾತು ಹೇಳಿದ್ದು ಒಳ್ಳೆಯದಾಯಿತು. ಇಲ್ಲೂ ಹಾಗೇ ಇದೆ.

ಟ್ರಂಪ್ ಮಾಡಿದ ಕೆಲಸವನ್ನು ನಾನು ಅಲ್ಲಗಳೆಯಲ್ಲ. ಆದರೆ ಎರಡು ದಿನಾಂಕ ನೆನಪಿಸಿಕೊಳ್ಳಿ. 2016ರ ಫೆಬ್ರವರಿ, ಇದೇ ನಮ್ಮ ರಾಜ್ಯದ ಚಾರ್ಲ್ಸ್‌ಟನ್. ಇಸ್ರೇಲ್-ಪ್ಯಾಲೆಸ್ತೀನ್ ವಿಷಯದಲ್ಲಿ ಒಂದು ರೀತಿ ತಟಸ್ಥ ಆಗಿರ್ತೀನಿ ಅಂದಿದ್ದರು. ಆಗಿನ ಎದುರಾಳಿಗಳಾದ ಕ್ರೂಜ್, ರೂಬಿಯೊ ಇಬ್ಬರೂ ಮೇಲೆ ಬಿದ್ದರು. ಒಂದು ತಿಂಗಳಿಗೆ, ಇಸ್ರೇಲ್ ಪರ ಲಾಬಿ ಮಾಡುವ ಐಪ್ಯಾಕ್ ಸಂಘದ ಸಭೆಯಲ್ಲಿ ನಿಂತು ರಾಯಭಾರ ಕಚೇರಿ ಒಯ್ಯುತ್ತೇನೆ ಅಂದರು. ಸರಿ, ಮನಸ್ಸು ಬದಲಾಯಿಸೋದು ಅಪರಾಧ ಅಲ್ಲ.

ಎರಡನೆಯದು ಮೊನ್ನೆ ಅಕ್ಟೋಬರ್ 11. ದಾಳಿ ನಡೆದು ನಾಲ್ಕು ದಿನ. ಇಸ್ರೇಲ್ ಇನ್ನೂ ಹೆಣಗಳ ಗುರುತು ಹಿಡಿಯುತ್ತಿತ್ತು. ಫ್ಲೋರಿಡಾದ ವೆಸ್ಟ್ ಪಾಮ್ ಬೀಚ್ ಸಭೆಯಲ್ಲಿ ಇಸ್ರೇಲಿನ ವೈರಿ, ಲೆಬನಾನಿನ ಹೆಜ್ಬೊಲ್ಲಾ ಸಂಘಟನೆಯವರನ್ನು ಟ್ರಂಪ್ ಬಹಳ ಜಾಣರು ಅಂದರು. ಅಮೆರಿಕ ಇರಾನಿನ ಸೇನಾನಿ ಸುಲೇಮಾನಿಯನ್ನು ಕೊಂದಾಗ ನೆತನ್ಯಾಹು ನಮಗೆ ಕೈ ಕೊಟ್ಟ ಅಂತ ಹಳೇ ಸಿಟ್ಟು ತೆಗೆದರು. 2020ರಲ್ಲಿ ಬೈಡನ್‌ಗೆ ಅಭಿನಂದನೆ ಹೇಳಿದ್ದಕ್ಕೂ ಅವರಿಗೆ ನೆತನ್ಯಾಹು ಮೇಲೆ ಕೋಪ ಇತ್ತು, ಅದು ಎಲ್ಲರಿಗೂ ಗೊತ್ತು. ಎಲ್ಲ ಕಡೆಯಿಂದ ಬೈಗುಳ ಬಂದ ಮೇಲೆ ಮಾತು ಸರಿ ಮಾಡಿಕೊಂಡರು.

ನನಗೆ ಚಿಂತೆ ಇರೋದು ಇಲ್ಲೇ. ಬೆಂಬಲ ಒಬ್ಬ ವ್ಯಕ್ತಿಯ ಮನಸ್ಸಿನ ಏರಿಳಿತಕ್ಕೆ ಕಟ್ಟಿಹಾಕಿದ್ದರೆ ಅದನ್ನು ನಂಬಿ ಒಂದು ದೇಶ ಹೇಗೆ ಬದುಕಬೇಕು? ಹೋದ ವರ್ಷ ನವೆಂಬರ್‌ನಲ್ಲಿ ಟ್ರಂಪ್ ತಮ್ಮ ಮಾರಾಲಾಗೋ ಮನೆಯಲ್ಲಿ ರ‍್ಯಾಪ್ ಹಾಡುಗಾರ ಯೇ (ಕಾನ್ಯೆ ವೆಸ್ಟ್) ಮತ್ತು ಬಿಳಿಯರೇ ಮೇಲು ಅನ್ನುವ ನಿಕ್ ಫ್ಯೂಯೆಂಟೆಸ್ ಜೊತೆ ಊಟಕ್ಕೆ ಕೂತಿದ್ದರಲ್ಲ. ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಬಗ್ಗೆ ಫ್ಯೂಯೆಂಟೆಸ್ ಏನೇನು ಮಾತಾಡಿದ್ದಾನೆ ಅಂತ ಗೊತ್ತಿದ್ದವರಿಗೆ ಆ ಊಟ ಸಣ್ಣ ವಿಷಯ ಅನ್ನಿಸಲ್ಲ. ಅವನು ಯಾರು ಅಂತ ಗೊತ್ತಿರಲಿಲ್ಲ ಅಂತ ಟ್ರಂಪ್ ಹೇಳಿದರು. ಗೊತ್ತಾದ ಮೇಲಾದರೂ ಹೆಸರು ಹಿಡಿದು ಖಂಡಿಸಬೇಕಿತ್ತು.

ಕರಾವಳಿ_ಅಕ್ಕ (ಎಡಿಸನ್, ನ್ಯೂಜೆರ್ಸಿ), 11 ನವೆಂಬರ್

ಇಡೀ ಚರ್ಚೆಯಲ್ಲಿ ಗಾಜಾ ಜನರ ಮಾತೇ ಬರಲಿಲ್ಲವಲ್ಲ ತಮ್ಮಂದಿರೇ. ಹತ್ತು ಸಾವಿರಕ್ಕೂ ಜಾಸ್ತಿ ಜನ ಸತ್ತಿದ್ದಾರೆ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತಿದೆ. ಮಕ್ಕಳೇ ಸಾವಿರಾರು. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು. ನನ್ನ ಶಿಫ್ಟಿನಲ್ಲಿ ಒಬ್ಬಳ ಅಕ್ಕ ಟೆಲ್ ಅವೀವ್‌ನಲ್ಲಿದ್ದಾಳೆ, ಇನ್ನೊಬ್ಬಳ ದೊಡ್ಡಪ್ಪನ ಮನೆ ಖಾನ್ ಯೂನಿಸ್‌ನಲ್ಲಿದೆ. ಇಬ್ಬರೂ ಊಟದ ಬಿಡುವಿನಲ್ಲಿ ಫೋನ್ ಹಿಡಿದು ಒಂದೇ ಮೇಜಿನಲ್ಲಿ ಕೂರ್ತಾರೆ. ಈಗ ಇಬ್ಬರಿಗೂ ಮಾತಾಡೋಕಾಗ್ತಿಲ್ಲ.

ಬೆಂಬಲ ಅಂದರೆ ಏನು ಅಂತ ಮೊದಲು ಹೇಳಿ. ಇಸ್ರೇಲ್ ಇರಬೇಕು, ಅಲ್ಲಿನ ಜನ ನೆಮ್ಮದಿಯಿಂದ ಇರಬೇಕು ಅನ್ನೋದು ಬೆಂಬಲ. ಅದಕ್ಕೆ ನಾನೂ ಸೈ. ಅಲ್ಲಿನ ಸರ್ಕಾರ ಮಾಡಿದ್ದಕ್ಕೆಲ್ಲ ಹೂಂ ಅನ್ನೋದು ಬೇರೆ. ಈ ಅಭ್ಯರ್ಥಿಗಳಿಗೆ ಆ ವ್ಯತ್ಯಾಸವೇ ಗೊತ್ತಿಲ್ಲ ಅನ್ನಿಸುತ್ತೆ. ಹೇಲಿ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಆಗಿದ್ದಾಗಲೇ, 2018ರಲ್ಲಿ, ಪ್ಯಾಲೆಸ್ತೀನ್ ನಿರಾಶ್ರಿತರ ಸಂಸ್ಥೆಗೆ ಕೊಡುತ್ತಿದ್ದ ದುಡ್ಡನ್ನು ಅಮೆರಿಕ ನಿಲ್ಲಿಸಿತು. ಶಾಲೆಗೆ, ಔಷಧಿಗೆ ಹೋಗುತ್ತಿದ್ದ ದುಡ್ಡು ಅದು.

ತುಂಗಾತೀರ, 11 ನವೆಂಬರ್

ಅಕ್ಕ, ನೀವು ಹೇಳಿದ್ದಕ್ಕೆ ಸರಿಯಾಗಿ ಒಂದು ಘಟನೆ ಇದೆ.

ಅಕ್ಟೋಬರ್ ಮಧ್ಯದಲ್ಲಿ ಡಿಸ್ಯಾಂಟಿಸ್ ಅಯೋವಾದಲ್ಲಿ ಮಾತಾಡುತ್ತಾ, ಗಾಜಾದವರೆಲ್ಲ ಹಮಾಸ್ ಅಲ್ಲದಿದ್ದರೂ ಎಲ್ಲರೂ ಯಹೂದಿ ದ್ವೇಷಿಗಳೇ, ಅಲ್ಲಿಂದ ಒಬ್ಬ ನಿರಾಶ್ರಿತನನ್ನೂ ಬಿಟ್ಟುಕೊಳ್ಳಬಾರದು ಅಂದರು. ಮಾರನೇ ದಿನ ಟಿವಿಯಲ್ಲಿ ಹೇಲಿಗೆ ಅದೇ ಪ್ರಶ್ನೆ ಬಂತು. ಹಮಾಸ್ ಆಡಳಿತ ಬೇಡ ಅನ್ನೋ ಜನ ಅಲ್ಲಿ ಬೇಕಾದಷ್ಟಿದ್ದಾರೆ, ಉಗ್ರರನ್ನೂ ಸಾಮಾನ್ಯ ಜನರನ್ನೂ ಬೇರೆ ಬೇರೆ ನೋಡೋದು ಅಮೆರಿಕಕ್ಕೆ ಗೊತ್ತು ಅಂದರು. ಆ ಒಂದು ಮಾತಿಗೆ ಡಿಸ್ಯಾಂಟಿಸ್ ಕಡೆಯವರು ವಾರಗಟ್ಟಲೆ ಅವರ ಬೆನ್ನು ಬಿದ್ದರು. ಹೇಲಿ ಗಾಜಾ ನಿರಾಶ್ರಿತರನ್ನು ಕರೆಸಿಕೊಳ್ತಾರೆ ಅಂತ ಪ್ರಚಾರ ಮಾಡಿದರು. ಅವರು ಹಾಗೆ ಹೇಳಿರಲೇ ಇಲ್ಲ.

ಈ ಪಕ್ಷದ ಪ್ರೈಮರಿಯಲ್ಲಿ, ಆ ವಾರದಲ್ಲಿ, ಆ ಮಾತಾಡಿದರೆ ವೋಟು ಹೋಗುತ್ತೆ. ಆದರೂ ಆಡಿದರು. ನಾನು ಹುಡುಕುತ್ತಿರುವುದು ಇಂಥದ್ದನ್ನೇ.

ನಿರಾಶ್ರಿತರ ಸಂಸ್ಥೆಯ ದುಡ್ಡು ನಿಲ್ಲಿಸಿದ್ದು ತಪ್ಪು ಅನ್ನೋದರಲ್ಲಿ ನಾನು ನಿಮ್ಮ ಕಡೆಗೇ.

ಬಯಲುಸೀಮೆ (ಷಿಕಾಗೊ), 12 ನವೆಂಬರ್

ಅಭ್ಯರ್ಥಿಯ ದೋಷ ತಕ್ಕಡಿಯ ಒಂದು ತಟ್ಟೆಯಲ್ಲಿ, ಇಸ್ರೇಲ್ ಬೆಂಬಲ ಇನ್ನೊಂದರಲ್ಲಿ ಇಟ್ಟು ತೂಗೋಣ ಅನ್ನುವವರು ನಿಕ್ಸನ್ ಕಥೆ ಓದಬೇಕು.

ವೈಟ್‌ಹೌಸಿನಲ್ಲಿ ನಿಕ್ಸನ್ ತಾವೇ ಇಡಿಸಿದ್ದ ಟೇಪುಗಳಲ್ಲಿ ಯಹೂದಿಗಳ ಬಗ್ಗೆ ಆಡಿದ ಮಾತು ಇಂದಿಗೂ ಕಿವಿ ಮುಚ್ಚಿಕೊಳ್ಳುವಂತಿದೆ. ಸರ್ಕಾರದ ಅಂಕಿಅಂಶ ಇಲಾಖೆಯಲ್ಲಿ ಎಷ್ಟು ಯಹೂದಿಗಳಿದ್ದಾರೆ ಅಂತ ಲೆಕ್ಕ ಹಾಕಿಸಿದ ಮನುಷ್ಯ ಆತ. ಅದೇ ನಿಕ್ಸನ್ 1973ರ ಅಕ್ಟೋಬರ್‌ನಲ್ಲಿ, ಈಜಿಪ್ಟ್ ಮತ್ತು ಸಿರಿಯಾ ಸೇನೆಗಳು ಯಹೂದಿಗಳ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು ನುಗ್ಗಿದಾಗ, ಇಸ್ರೇಲಿಗೆ ವಿಮಾನದಲ್ಲಿ 22 ಸಾವಿರ ಟನ್‌ಗೂ ಜಾಸ್ತಿ ಶಸ್ತ್ರಾಸ್ತ್ರ ಕಳಿಸಿದರು. ಒಂದು ತಿಂಗಳು ವಿಮಾನಗಳು ಹಾರುತ್ತಲೇ ಇದ್ದವು. ಯುರೋಪಿನ ದೇಶಗಳು ಇಳಿಯಲು ಜಾಗ ಕೊಡಲು ಹಿಂಜರಿದವು. ಪೋರ್ಚುಗಲ್ಲಿನ ಅಜೋರ್ಸ್ ದ್ವೀಪದಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಹೋಗಬೇಕಾಯಿತು. ಅರಬ್ ದೇಶಗಳು ತೈಲ ನಿಲ್ಲಿಸಿದವು. ಇಲ್ಲಿನ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಅಂದರೆ ನಷ್ಟ ಆಗುವ ಕಡೆಯೇ ನಿಕ್ಸನ್ ನಿಂತರು.

ಹಾಗಾದರೆ ಅವರ ದೋಷ ಲೆಕ್ಕಕ್ಕಿಲ್ಲವಾ? ಇದೆ. ಹತ್ತು ತಿಂಗಳಿಗೆ ವಾಟರ್‌ಗೇಟ್ ಹಗರಣದಲ್ಲಿ ರಾಜೀನಾಮೆ ಕೊಟ್ಟು ಹೋದರು. ದೇಶಕ್ಕೆ ಆದ ಗಾಯ ಎಷ್ಟೋ ವರ್ಷ ಮಾಯಲಿಲ್ಲ. ಇಸ್ರೇಲಿಗೆ ಮಾಡಿದ ಒಳ್ಳೇ ಕೆಲಸ ಒಂದು ಕಡೆ ನಿಲ್ಲುತ್ತೆ, ಮಾಡಿದ ಕೆಡುಕು ಇನ್ನೊಂದು ಕಡೆ ನಿಲ್ಲುತ್ತೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸೋಕಾಗಲ್ಲ.

ಇನ್ನೂ ಒಂದು. ರೇಗನ್ ಇಸ್ರೇಲಿನ ದೊಡ್ಡ ಗೆಳೆಯ ಅಂತಾರಲ್ಲ, 1981ರಲ್ಲಿ ಇಸ್ರೇಲ್ ಎಷ್ಟು ವಿರೋಧಿಸಿದರೂ ಸೌದಿಗೆ ಅವಾಕ್ಸ್ ರಾಡಾರ್ ವಿಮಾನ ಮಾರಿದರು. ಸೆನೆಟ್‌ನಲ್ಲಿ 52-48ರಲ್ಲಿ ಗೆದ್ದರು. ದೊಡ್ಡ ಬುಷ್ (ತಂದೆ) 1991ರಲ್ಲಿ ಇಸ್ರೇಲ್ ಕೇಳಿದ ಸಾವಿರ ಕೋಟಿ ಡಾಲರ್ ಸಾಲದ ಖಾತರಿಯನ್ನು, ಪ್ಯಾಲೆಸ್ತೀನ್ ಜಾಗದಲ್ಲಿ ಅದು ಕಟ್ಟುತ್ತಿದ್ದ ವಸಾಹತುಗಳ ಕಾರಣಕ್ಕೆ ತಡೆ ಹಿಡಿದರು. ಇವತ್ತಿನ ಡಿಬೇಟಿನಲ್ಲಿ ಇವರಿಬ್ಬರೂ ಅದನ್ನೇ ಮಾಡಿದ್ದರೆ ಇಸ್ರೇಲ್ ವಿರೋಧಿ ಅನ್ನಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹಾಗಾಗಿ ಯಾರ ದನಿ ಜೋರು ಅಂತ ಅಳೆಯಬೇಡಿ.

ಗೋಕಾಕ_ಕರದಂಟು (ಕೊಲಂಬಸ್, ಒಹಾಯೊ), 14 ನವೆಂಬರ್

ವಿವೇಕ್ ಬಗ್ಗೆ ಯಾರೂ ಮಾತಾಡುತ್ತಿಲ್ಲ, ನಾನು ಮಾತಾಡ್ತೀನಿ. ನಮ್ಮ ಒಹಾಯೊದವರು. ಅಪ್ಪ ಅಮ್ಮ ಕೇರಳದ ಕಡೆಯ ತಮಿಳರು, ತಾಯಿ ಓದಿದ್ದು ನಮ್ಮ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ. ಅದಕ್ಕೇ ವೋಟು ಹಾಕ್ತೀನಿ ಅಂತಲ್ಲ.

ಒಬಾಮ ಕಾಲದಲ್ಲಿ, 2016ರಲ್ಲಿ, ಆದ ಒಪ್ಪಂದದ ಪ್ರಕಾರ 2019ರಿಂದ 2028ರವರೆಗೆ ಇಸ್ರೇಲಿಗೆ 3,800 ಕೋಟಿ ಡಾಲರ್ ಸೇನಾ ನೆರವು ಹೋಗುತ್ತೆ. ವರ್ಷಕ್ಕೆ 380 ಕೋಟಿ. 2028 ಆದ ಮೇಲೆ ಇದು ಬೇಕಾಗಬಾರದು, ಅಷ್ಟರೊಳಗೆ ಸೌದಿ, ಒಮಾನ್, ಕತಾರ್, ಇಂಡೊನೇಷ್ಯಾ ಎಲ್ಲವನ್ನೂ ಅಬ್ರಹಾಂ ಒಪ್ಪಂದಕ್ಕೆ ಸೇರಿಸಿ ಇಸ್ರೇಲ್ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಬೇಕು ಅಂತ ವಿವೇಕ್ ಆಗಸ್ಟ್‌ನಲ್ಲಿ ಹೇಳಿದರು. ಮಿಲ್ವಾಕಿ ಡಿಬೇಟಿನಲ್ಲಿ ಹೇಲಿ ಅದಕ್ಕೇ ಅವರನ್ನು ತರಾಟೆಗೆ ತೆಗೆದುಕೊಂಡಿದ್ದು. ವಿದೇಶಾಂಗ ಅನುಭವ ನಿನಗಿಲ್ಲ, ಅದು ಕಾಣಿಸುತ್ತೆ ಅಂತ.

ತುಂಗಾತೀರ ಅವರೇ, ನಿಮ್ಮದೇ ಅಳತೆಗೋಲು ಹಿಡಿದು ಹೇಳಿ. ಇಡೀ ವೇದಿಕೆಯಲ್ಲಿ ಇಸ್ರೇಲ್ ವಿಷಯದಲ್ಲಿ ವೋಟು ಹೋಗುವಂಥ ಮಾತಾಡಿದ್ದು ವಿವೇಕ್ ಒಬ್ಬರೇ ಅಲ್ವಾ?

ತುಂಗಾತೀರ, 14 ನವೆಂಬರ್

ಒಳ್ಳೇ ಪ್ರಶ್ನೆ. ಆ ಮಾತು ಆಡಿದಾಗ ಧೈರ್ಯ ಇತ್ತು, ಒಪ್ಪುತ್ತೇನೆ. ಆ ಯೋಚನೆಯೂ ಕೆಟ್ಟದ್ದೇನಲ್ಲ. ನೆರವು ನಿಂತರೂ ಗೆಳೆತನ ಇರಬಹುದು.

ಆದರೆ ಧೈರ್ಯದ ಜೊತೆ ನಿಲುವೂ ಇರಬೇಕು. ಹೇಲಿ ಮೇಲೆ ಬಿದ್ದ ಮೇಲೆ ತಮ್ಮ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ಎಚ್-1ಬಿ ಕೆಲಸದ ವೀಸಾ ವಿಷಯವನ್ನೇ ನೋಡಿ. ಅದನ್ನು ಹಂಚುವ ಲಾಟರಿಯನ್ನೇ ತೆಗೆದುಹಾಕ್ತೀನಿ ಅಂತಾರೆ, ತಮ್ಮದೇ ಕಂಪನಿ ಅದೇ ವೀಸಾದಲ್ಲಿ ಜನರನ್ನು ತಂದುಕೊಂಡಿತ್ತು. ಈ ಚರ್ಚೆ ಓದುತ್ತಿರುವವರಲ್ಲಿ ಎಷ್ಟೋ ಜನ ಅದೇ ವೀಸಾದಲ್ಲಿ ಬಂದವರು. ಮೊನ್ನೆ ಮಯಾಮಿಯಲ್ಲಿ ಹೇಲಿ ಮಗಳ ಟಿಕ್‌ಟಾಕ್ ಮಾತು ಎತ್ತಿದ್ದಂತೂ ನನಗೆ ಸುತರಾಂ ಇಷ್ಟ ಆಗಲಿಲ್ಲ. ಚರ್ಚೆಗೆ ಮನೆಮಕ್ಕಳನ್ನು ಎಳೀಬಾರದು.

ಗೋಕಾಕ_ಕರದಂಟು, 7 ಡಿಸೆಂಬರ್

ನಿನ್ನೆಯ ಅಲಬಾಮಾ ಡಿಬೇಟ್ ಆದ ಮೇಲೆ ನಾನು ವಿವೇಕ್ ಪರ ವಾದ ನಿಲ್ಲಿಸಿದ್ದೇನೆ. 2021ರ ಜನವರಿ 6ಕ್ಕೆ ಅಮೆರಿಕದ ಸಂಸತ್ ಭವನದಲ್ಲಿ ನಡೆದ ಗಲಭೆ ಸರ್ಕಾರದ ಒಳಗಿನವರೇ ಮಾಡಿಸಿದ್ದು ಅನ್ನೋ ಥರ ಮಾತಾಡಿದರು. ಅಷ್ಟು ಓದಿದವರು ಆಡೋ ಮಾತಲ್ಲ ಅದು.

ಕರಾವಳಿ_ಅಕ್ಕ, 29 ಡಿಸೆಂಬರ್

ತುಂಗಾತೀರ, ನಿಮ್ಮ ಮಾಜಿ ಗವರ್ನರ್ ಹೇಲಿ ಬುಧವಾರ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆಡಿದ ಮಾತು ಕೇಳಿದಿರಾ? ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಏನು ಅಂತ ಒಬ್ಬರು ಕೇಳಿದರು. ಸರ್ಕಾರ ಹೇಗೆ ನಡೀಬೇಕು, ಸ್ವಾತಂತ್ರ್ಯ ಅಂದರೇನು ಅಂತೆಲ್ಲ ಹೇಳಿದರೇ ಹೊರತು ಗುಲಾಮಗಿರಿ ಅನ್ನೋ ಪದ ಬಾಯಿಂದ ಬರಲಿಲ್ಲ. ಮಾರನೇ ದಿನ ಸರಿಪಡಿಸಿಕೊಂಡರು. ನೀವು ಹೇಳಿದ ಅಳತೆಗೆ ಇದು ಹೇಗೆ ಕೂರುತ್ತೆ?

ತುಂಗಾತೀರ, 29 ಡಿಸೆಂಬರ್

ಕೂರಲ್ಲ ಅಕ್ಕ. ಕೇಳಿ ನೋವಾಯಿತು.

ಯಾಕೆ ನೋವು ಅಂತ ಹೇಳ್ತೀನಿ. 2015ರ ಜೂನ್ 17ಕ್ಕೆ ಚಾರ್ಲ್ಸ್‌ಟನ್‌ನ ಮದರ್ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದಲು ಕೂತಿದ್ದ ಒಂಬತ್ತು ಕರಿಯ ಜನರನ್ನು ಒಬ್ಬ ಗುಂಡಿಟ್ಟು ಕೊಂದ. ಆ ತಿಂಗಳು ಇಲ್ಲಿದ್ದವರಿಗೆ ಮರೆಯೋಕಾಗಲ್ಲ. ನಮ್ಮ ಶಾಸನಸಭೆಯ ಅಂಗಳದಲ್ಲಿ ಕಾನ್ಫೆಡರೇಟ್ ಬಾವುಟ, ಅಂದರೆ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ, ಹಾರುತ್ತಿತ್ತು. ಅದನ್ನು ಮುಟ್ಟಿದರೆ ಈ ರಾಜ್ಯದಲ್ಲಿ ರಿಪಬ್ಲಿಕನ್ ರಾಜಕಾರಣಿಯ ಕಥೆ ಮುಗಿಯಿತು ಅಂತಿದ್ದರು. ಹೇಲಿ ತೆಗೀಬೇಕು ಅಂದರು. ಜುಲೈ 10ಕ್ಕೆ ಬಾವುಟ ಇಳಿಯಿತು. ನಾವು ಕೆಲವರು ಆ ಬೆಳಿಗ್ಗೆ ಕೊಲಂಬಿಯಾಕ್ಕೆ ಹೋಗಿದ್ದೆವು. ಬೂದು ಸಮವಸ್ತ್ರದ ಪೊಲೀಸರು ಬಿಳಿ ಕೈಗವಸು ಹಾಕಿಕೊಂಡು ಬಾವುಟವನ್ನು ಇಳಿಸಿ, ಸುರುಳಿ ಸುತ್ತಿ ಒಯ್ದರು. ನನ್ನ ಪಕ್ಕ ನಿಂತಿದ್ದ ಒಬ್ಬ ಕರಿಯ ಅಜ್ಜಿ ಉದ್ದಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಂಥ ಕೆಲಸ ಮಾಡಿದವರು ಇಷ್ಟು ಸುಲಭದ ಪ್ರಶ್ನೆಗೆ ತಡವರಿಸಿದ್ದು ಯಾಕೆ? ವೋಟಿನ ಭಯ. ಅವರ ದೋಷವೇ ಅದು. ಗಾಳಿ ಹೇಗಿದೆ ಅಂತ ನೋಡಿ ಮಾತಾಡೋದು. ಟ್ರಂಪ್ ನಿಂತರೆ ನಾನು ನಿಲ್ಲಲ್ಲ ಅಂತ 2021ರಲ್ಲಿ ಹೇಳಿ, ಈ ವರ್ಷ ಫೆಬ್ರವರಿಯಲ್ಲಿ ನಿಂತರು. ನಿಂತಿದ್ದಕ್ಕೆ ನನಗೆ ಬೇಜಾರಿಲ್ಲ, ಆ ಮಾತು ಕೊಟ್ಟಿದ್ದಕ್ಕೆ ಬೇಜಾರು.

ವಿಶ್ವಸಂಸ್ಥೆಯಲ್ಲಿ ಮಾತ್ರ ಅವರು ಗಾಳಿ ನೋಡಲಿಲ್ಲ. 2017ರ ಡಿಸೆಂಬರ್‌ನಲ್ಲಿ ಟ್ರಂಪ್ ಅವರ ಜೆರುಸಲೇಮ್ ಘೋಷಣೆಯ ವಿರುದ್ಧ ನಿರ್ಣಯ ಬಂದಾಗ ಭದ್ರತಾ ಮಂಡಳಿಯಲ್ಲಿ 14 ದೇಶ ಒಂದು ಕಡೆ, ಇವರ ಕೈ ಒಂದೇ ಇನ್ನೊಂದು ಕಡೆ. ಮಹಾಸಭೆಯಲ್ಲಿ 128 ದೇಶ ಎದುರು ನಿಂತವು. ಭಾರತವೂ ಆ 128ರಲ್ಲಿತ್ತು. ಆದರೆ ಆ ಧೈರ್ಯದ ಹಿಂದೆ ಮನೆಯಲ್ಲಿ ಪಕ್ಷದ ಪೂರ್ತಿ ಬೆಂಬಲ ಇತ್ತು ಅನ್ನೋದನ್ನೂ ಹೇಳಲೇಬೇಕು.

ಹ್ಯೂಸ್ಟನ್_ಮಲೆನಾಡಿಗ, 30 ಡಿಸೆಂಬರ್

ಡಿಸ್ಯಾಂಟಿಸ್‌ಗೆ ನೀವು ಅನ್ಯಾಯ ಮಾಡ್ತಿದ್ದೀರಿ ಸರ್. ನಾನು ಟ್ರಂಪ್ ಕಡೆಯವನು, ಆದರೂ ಹೇಳ್ತೀನಿ. ಸಂಸದರಾಗಿದ್ದಾಗಲೇ, 2017ರ ಮಾರ್ಚ್‌ನಲ್ಲಿ, ರಾಯಭಾರ ಕಚೇರಿಗೆ ಜಾಗ ನೋಡಲು ಜೆರುಸಲೇಮಿಗೆ ಹೋದವರು. ಗವರ್ನರ್ ಆದ ಮೇಲೆ 2019ರಲ್ಲಿ ತಮ್ಮ ಸಂಪುಟದ ಸಭೆಯನ್ನೇ ಅಲ್ಲಿ ನಡೆಸಿದರು. ಈ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇನ್ನೂ ಒದ್ದಾಡುತ್ತಿರುವಾಗ ವಿಮಾನ ಗೊತ್ತು ಮಾಡಿ ಇಸ್ರೇಲಿನಲ್ಲಿ ಸಿಕ್ಕಿಬಿದ್ದವರನ್ನು ಟ್ಯಾಂಪಾಕ್ಕೆ ಕರೆತಂದರು. ಇದೆಲ್ಲ ಬರೀ ಮಾತಲ್ಲ.

ಬಯಲುಸೀಮೆ, 30 ಡಿಸೆಂಬರ್

ವಿಮಾನ ಕಳಿಸಿದ್ದು ನಿಜಕ್ಕೂ ಒಳ್ಳೇ ಕೆಲಸ. ಆದರೆ ಅದೇ ತಿಂಗಳು ಫ್ಲೋರಿಡಾದ ವಿಶ್ವವಿದ್ಯಾಲಯಗಳಲ್ಲಿ ಪ್ಯಾಲೆಸ್ತೀನ್ ಪರ ವಿದ್ಯಾರ್ಥಿ ಸಂಘದ ಘಟಕಗಳನ್ನು ಮುಚ್ಚಿಸಿ ಅಂತ ಅವರ ಆಡಳಿತ ಆದೇಶ ಕಳಿಸಿತು. ವಾಕ್‌ಸ್ವಾತಂತ್ರ್ಯದ ಹೆಸರಲ್ಲಿ ರಾಜಕೀಯ ಮಾಡಿದವರು, ತಮಗೆ ಆಗದ ಮಾತು ಬಂದ ಕೂಡಲೇ ಬಾಗಿಲು ಹಾಕಿಸೋದು ನನಗೆ ದೊಡ್ಡ ದೋಷ. ಇವತ್ತು ಆ ಸಂಘ, ನಾಳೆ ನಮ್ಮದು.

ಅಯೋವಾ_ಕನ್ನಡತಿ (ಡಿ ಮೊಯ್ನ್ ಹತ್ತಿರ), 16 ಜನವರಿ 2024

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಿನ್ನೆ ಕಾಕಸ್‌ಗೆ, ಅಂದರೆ ಊರಿನವರು ಸಭೆ ಸೇರಿ ಪಕ್ಷದ ಅಭ್ಯರ್ಥಿಗೆ ವೋಟು ಹಾಕುವ ಕಡೆ, ಹೋಗಿ ಬಂದೆ, ನೋಡಿದ್ದು ಬರೀತೀನಿ.

ಗಾಳಿ ಸೇರಿ ಮೈನಸ್ ಮೂವತ್ತು ಫ್ಯಾರನ್‌ಹೀಟ್ ಹತ್ತಿರ ಇತ್ತು. ನಮ್ಮದು ಶಾಲೆಯ ಊಟದ ಹಾಲ್. ಸರಿಯಾಗಿ ಏಳು ಗಂಟೆಗೆ ಶುರು. ಒಬ್ಬೊಬ್ಬ ಅಭ್ಯರ್ಥಿ ಪರ ಒಬ್ಬೊಬ್ಬರು ಎದ್ದು ಎರಡೆರಡು ನಿಮಿಷ ಮಾತಾಡಿದರು. ಟ್ರಂಪ್ ಪರ ಮಾತಾಡಿದ ಹೆಂಗಸು ಜೆರುಸಲೇಮ್ ಅಂದ ಕೂಡಲೇ ಚಪ್ಪಾಳೆ. ಡಿಸ್ಯಾಂಟಿಸ್ ಪರ ಎದ್ದ ರೈತರೂ ಇಸ್ರೇಲ್ ಅಂದರು. ಹೇಲಿ ಪರ ಎದ್ದ ಮೇಷ್ಟ್ರೂ ಇಸ್ರೇಲ್ ಅಂದರು. ಮೂವರಿಗೂ ಅಷ್ಟೇ ಚಪ್ಪಾಳೆ. ತುಂಗಾತೀರ ಅವರು ಮೊದಲ ದಿನ ಹೇಳಿದ್ದು ನೆನಪಾಯಿತು.

ಮಾತು ಇನ್ನೂ ಮುಗಿದಿರಲಿಲ್ಲ, ಏಳೂವರೆಗೆ ಎಲ್ಲರ ಫೋನುಗಳೂ ಗುಂಯ್ ಅಂದವು. ಟ್ರಂಪ್ ಗೆದ್ದರು ಅಂತ ಸುದ್ದಿ. ನಾವು ಚೀಟಿಯಲ್ಲಿ ಹೆಸರು ಬರೆದೇ ಇರಲಿಲ್ಲ! ನನ್ನ ಹಿಂದೆ ಕೂತಿದ್ದವರು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಇದು ಸರಿಯಲ್ಲ. ಆ ಚಳಿಯಲ್ಲಿ ಬಂದ ಜನರಿಗೆ ಚೀಟಿ ಹಾಕುವವರೆಗಾದರೂ ಕಾಯಬೇಕಿತ್ತು.

ನೂರಕ್ಕೆ ಟ್ರಂಪ್ 51, ಡಿಸ್ಯಾಂಟಿಸ್ 21, ಹೇಲಿ 19. ವಿವೇಕ್ ಸುಮಾರು 8 ಪಡೆದು, ರಾತ್ರಿಯೇ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ಟರು. ಜಾನ್ಸನ್ ಕೌಂಟಿಯಲ್ಲಿ (ಜಿಲ್ಲೆಯಂಥದ್ದು) ಮಾತ್ರ ಟ್ರಂಪ್ ಹೇಲಿಗೆ ಒಂದೇ ಒಂದು ವೋಟಿನಲ್ಲಿ ಸೋತರು. 99 ಕೌಂಟಿಗಳಲ್ಲಿ ಅದೊಂದೇ.

ಗೋಕಾಕ_ಕರದಂಟು, 22 ಜನವರಿ

ನಿನ್ನೆ ಡಿಸ್ಯಾಂಟಿಸ್ ಕೂಡ ಹೋದರು, ಟ್ರಂಪ್ ಹೆಸರೇ ಹೇಳಿ ಹೋದರು. ಉಳಿದಿದ್ದು ಇಬ್ಬರು. ತುಂಗಾತೀರ ಅವರೇ, ಏನು ತೀರ್ಮಾನ?

ತುಂಗಾತೀರ, 22 ಜನವರಿ

ಹೇಲಿಗೆ. ಇಸ್ರೇಲ್ ಕಾರಣಕ್ಕಲ್ಲ. ಆ ವಿಷಯದಲ್ಲಿ ಇಬ್ಬರಿಗೂ ನಾನು ಹೆಚ್ಚುಕಡಿಮೆ ಅಷ್ಟೇ ಅಂಕ ಕೊಡ್ತೀನಿ. ಕೆಲಸದಲ್ಲಿ ಟ್ರಂಪ್ ಮುಂದೆ, ಸ್ಥಿರತೆಯಲ್ಲಿ ಹೇಲಿ ಮುಂದೆ. 2020ರಲ್ಲಿ ಸೋತ ಮೇಲೆ ಸೋತೆ ಅಂತ ಒಪ್ಪದ ಮನುಷ್ಯನಿಗೆ ಮತ್ತೆ ಅದೇ ಕುರ್ಚಿ ಕೊಡೋಕೆ ನನ್ನ ಮನಸ್ಸು ಒಪ್ಪಲ್ಲ. ಜೆರುಸಲೇಮಿನಲ್ಲಿ ಎಷ್ಟು ಕಚೇರಿ ತೆರೆದರೂ ಅದು ತುಂಬಲ್ಲ. ಹೇಲಿ ಇಲ್ಲಿ ಸೋಲೋ ಸಾಧ್ಯತೆಯೇ ಜಾಸ್ತಿ, ಗೊತ್ತಿದೆ. ಆ ಬಾವುಟ ಇಳಿಸಿದ್ದಕ್ಕಾದರೂ ನನ್ನದೊಂದು ವೋಟು ಅವರಿಗೆ ಹೋಗಲಿ.

ಕರಾವಳಿ_ಅಕ್ಕ, 22 ಜನವರಿ

ಗಾಜಾದಲ್ಲಿ ಸತ್ತವರ ಲೆಕ್ಕ ಇಪ್ಪತ್ತೈದು ಸಾವಿರ ದಾಟಿದೆ. ಒತ್ತೆಯಾಳುಗಳು ಇನ್ನೂ ನೂರಕ್ಕೂ ಜಾಸ್ತಿ ಜನ ಒಳಗಿದ್ದಾರೆ. ನಿಮ್ಮ ಅಭ್ಯರ್ಥಿ ನಿಮ್ಮೂರಿಗೆ ಬಂದಾಗ ಎದ್ದು ನಿಂತು ಎರಡರ ಬಗ್ಗೆಯೂ ಕೇಳಿ ತಮ್ಮ. ಒಂದನ್ನು ಮಾತ್ರ ಕೇಳಬೇಡಿ.

ತುಂಗಾತೀರ, 22 ಜನವರಿ

ಕೇಳ್ತೀನಿ ಅಕ್ಕ. ಏನು ಹೇಳಿದರು ಅಂತ ಇಲ್ಲೇ ಬರೀತೀನಿ.

ಸೌತ್ ಕ್ಯಾರೊಲಿನಾದಲ್ಲಿ ಇರುವ ಕನ್ನಡಿಗರು ಗಮನಿಸಿ: ಫೆಬ್ರವರಿ 3ಕ್ಕೆ ಡೆಮಾಕ್ರಟಿಕ್ ಪ್ರೈಮರಿ ಇದೆ. ಅದರಲ್ಲಿ ವೋಟು ಹಾಕಿದರೆ 24ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಹಾಕೋಕಾಗಲ್ಲ. ಎರಡರಲ್ಲಿ ಒಂದೇ. ಫೋಟೋ ಇರುವ ಗುರುತಿನ ಚೀಟಿ ತಗೊಂಡು ಹೋಗಿ.